ಬಡತನವನ್ನು ರುಜುವಾತು ಮಾಡಿದ್ದು

ಸರ್ಕಾರದ ಅನುದಾನದಲ್ಲಿ ನಡೆಯುವ ಸಂಸ್ಥೆಯ ಮೇಲ್ವಿಚಾರಕಿಯಾಗಿ ಕೂತವರಿಗೆ ತಿಂಗಳಿಗೊಮ್ಮೆಯಾದರೂ ತೆರೆದ ಬಾಯಿ ತೆರೆದ ಹಾಗೆಯೇ ನಿಲ್ಲುವಂಥ ಪ್ರಸಂಗ ಬರುತ್ತದೆ. ಬಾಯಿ ತೆರೆದು ನಿಲ್ಲುವುದು ಅಸಭ್ಯ ಎಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದರಿಂದ ನಾನು ಕರವಸ್ತ್ರ ಅಡ್ಡ ಹಿಡಿಯುತ್ತೇನೆ. ಕಳೆದ ವರ್ಷ ಮಾತ್ರ ಕರವಸ್ತ್ರವನ್ನು ಕೈಯಿಂದ ಕೆಳಗಿಡಲು ಆಗಲೇ ಇಲ್ಲ.

ತಮಿಳುನಾಡಿನ ಗಡಿಯ ಹೊಸೂರಿನಿಂದ ಬಾಗಲೂರಿಗೆ ಹೋಗುವ ದಾರಿಯಲ್ಲಿ ಒಂದು ಕಾಲೋನಿ ಇದೆ. ಅಲ್ಲಿನ ಹೆಂಗಸರು ಬೆಳಿಗ್ಗೆ ವ್ಯಾನು ಹತ್ತಿ ಗುಲಾಬಿ ಬೆಳೆಯುವ ಪಾಲಿಹೌಸುಗಳಿಗೂ ಗಾರ್ಮೆಂಟ್ಸಿಗೂ ಹೋಗುತ್ತಾರೆ. ಅವರ ಪುಟ್ಟ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವುದು ನಮ್ಮ ಕೇಂದ್ರ. ಹಾಲು, ಮೊಟ್ಟೆ, ಮಧ್ಯಾಹ್ನದ ಊಟ, ಇಬ್ಬರು ಆಯಾಗಳ ಸಂಬಳ, ಕಟ್ಟಡದ ಬಾಡಿಗೆ ಎಲ್ಲವೂ ಅನುದಾನದಿಂದಲೇ ಆಗಬೇಕು. ಕಳೆದ ವರ್ಷ ಕೃಷ್ಣಗಿರಿಯ ಜಿಲ್ಲಾ ಕಚೇರಿಯಿಂದ ಒಂದು ಕಾಗದ ಬಂತು. ಮಕ್ಕಳ ಮನೆಯವರು ನಿಜವಾಗಿಯೂ ಕಡಿಮೆ ವರಮಾನದವರೆಂದು ರುಜುವಾತಾದರೆ ಮಾತ್ರ ಅನುದಾನ ಮುಂದುವರಿಯುತ್ತದೆ, ಇಲ್ಲವಾದರೆ ನಿಲ್ಲುತ್ತದೆ ಎಂದಿತ್ತು.

ತಾಯಂದಿರಿಗೆ ಓದಿ ಹೇಳಿದೆ. ಪಾಲಿಹೌಸಿನಲ್ಲಿ ಗುಲಾಬಿ ಕೊಯ್ಯುವ ತಾಯಿಯೊಬ್ಬಳು, ಎರಡು ವರ್ಷದ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮುಂದೆ ಬಂದಳು.

“ನಿಲ್ಲಿಸ್ಬುಟ್ರೆ ಇದನ್ನ ಯಾರು ನೋಡ್ಕೊಳ್ಳೋರು ಮೇಡಮ್ನೋರೆ? ದೊಡ್ಡವ್ಳನ್ನ ಇಸ್ಕೂಲು ಬುಡ್ಸಿ ಮನೇಲಿ ಕೂರಿಸ್ಬೇಕು. ಏಳನೇ ಕ್ಲಾಸು. ಕ್ಲಾಸಿಗೇ ಫಸ್ಟು.”

“ಯಾರನ್ನೂ ಸ್ಕೂಲು ಬಿಡಿಸುವುದು ಬೇಡ. ಬಡತನ ನಿಮ್ಮಲ್ಲಿ ಇದ್ದೇ ಇದೆ. ಇರುವುದನ್ನು ತೋರಿಸುವುದು ಏನು ಕಷ್ಟ?” ಎಂದೆ.

ಹಾಗೆಂದವಳು ನಾನೇ. ಯಾರ ಮೇಲೂ ದೂರು ಹೇಳುವ ಹಾಗಿಲ್ಲ.

ಮನೆಯ ಮುಂದಿನ ಫೋಟೊ

ಮೊದಲು ಕೇಳಿದ್ದು ಫೋಟೊ. ಪ್ರತಿಯೊಂದು ಕುಟುಂಬವೂ ಮನೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಕಳಿಸಬೇಕಿತ್ತು. ಸೋಮವಾರ ಹೇಳಿದೆ. ಶನಿವಾರ ಎಲ್ಲರೂ ಒಂದೇ ಬಣ್ಣದ ಲಕೋಟೆ ಹಿಡಿದು ಬಂದರು. ಹೇಳಿದ ದಿನಕ್ಕೆ ಹೇಳಿದ್ದನ್ನು ತಂದಿದ್ದಾರಲ್ಲ ಎಂದು ನನಗೆ ಸಂತೋಷವಾಯಿತು. ಆ ಸಂತೋಷ ಮೊದಲ ಲಕೋಟೆ ತೆರೆಯುವವರೆಗೆ ಇತ್ತು.

ಫೋಟೊದಲ್ಲಿ ಎರಡು ಅಂತಸ್ತಿನ ಬಂಗಲೆ. ಮುಂದೆ ಹುಲ್ಲುಹಾಸು, ಕಾರಂಜಿ, ಒಂದು ಕೆಂಪು ಕಾರು. ಕಾರಿಗೆ ಒರಗಿಕೊಂಡು ತಂದೆ, ತಾಯಿ, ಕಪ್ಪು ಕನ್ನಡಕ ಹಾಕಿದ ಮಗು. ಎರಡನೆಯ ಲಕೋಟೆಯಲ್ಲಿ ಅದೇ ಬಂಗಲೆ, ಅದೇ ಕಾರು, ಬೇರೆ ಕುಟುಂಬ. ಆರನೆಯದರಲ್ಲಿ ಬಂಗಲೆಯ ಹಿಂದೆ ಹಿಮದ ಬೆಟ್ಟವೂ ಎದ್ದಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋದವನು ಬಂಗಲೆ, ಕಾರು ಬರೆದ ಪರದೆಯ ಮುಂದೆ ಸಾಲಾಗಿ ನಿಲ್ಲಿಸಿ ತೆಗೆದು ಕಳಿಸಿದ್ದ.

“ನಾನು ಹೇಳಿದ್ದು ನಿಮ್ಮ ಮನೆಯ ಮುಂದೆ!” ಎಂದೆ.

“ನಮ್ಮನೆ ಮುಂದೆ ಮೋರಿ ಐತಲ್ಲ ಮೇಡಮ್ನೋರೆ. ಸರ್ಕಾರಕ್ಕೆ ಮೋರಿ ಫೋಟೊ ಕಳ್ಸೋಕಾಗ್ತದಾ?”

“ಇದನ್ನು ನೋಡಿದರೆ ಸರ್ಕಾರ ನಿಮ್ಮ ಬಗ್ಗೆ ಏನಂದುಕೊಳ್ಳುತ್ತದೆ?”

ಹಿಂದಿನ ಸಾಲಿನಿಂದ ಗಾರ್ಮೆಂಟ್ಸಿಗೆ ಹೋಗುವ ತಾಯಿಯೊಬ್ಬಳು ಸಮಾಧಾನದ ದನಿಯಲ್ಲಿ ಹೇಳಿದಳು: “ಪಾಪ, ಇಷ್ಟ್ ದೊಡ್ಡ ಮನೆ ಇದ್ರೂ ಕೂಲಿಗೆ ಹೋಗ್ತವ್ರಲ್ಲಾ ಅಂತ ಅಯ್ಯೋ ಅನ್ಕೊಂತದೆ.”

ಬೋರ್ಡು

ಎರಡನೆಯ ನಿಯಮ ಬೋರ್ಡಿನದು. ಸರ್ಕಾರದ ಅನುದಾನದಿಂದ ಬಡ ಮಕ್ಕಳಿಗಾಗಿ ನಡೆಯುತ್ತಿರುವ ಕೇಂದ್ರ ಎಂದು ಬೀದಿಗೆ ಕಾಣುವಂತೆ ಬರೆಸಬೇಕು. ಬರೆಸಿದೆ. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ, ಮೇಲೆ ತಮಿಳು, ಕೆಳಗೆ ಕನ್ನಡ. ಗೇಟಿನ ನೆತ್ತಿಯ ಮೇಲೆ ನಿಲ್ಲಿಸಿದಾಗ ಬಹಳ ಅಚ್ಚುಕಟ್ಟಾಗಿ ಕಂಡಿತು.

ಮಾರನೆಯ ಬೆಳಿಗ್ಗೆ ಎಂದಿನಂತೆ ಗೇಟಿನಲ್ಲಿ ನಿಂತೆ. ಮಕ್ಕಳ ಉಗುರು ನೋಡದೆ ನಾನು ಒಳಗೆ ಬಿಡುವವಳಲ್ಲ. ಎಂಟೂವರೆ ಆಯಿತು, ಒಂದು ಮಗುವೂ ಇಲ್ಲ. ಒಂಬತ್ತು ಆಯಿತು. ಮಕ್ಕಳೇ ಇಲ್ಲದ ಕೇಂದ್ರಕ್ಕೆ ಯಾರು ಅನುದಾನ ಕೊಡುತ್ತಾರೆ? ಆಯಾಳನ್ನು ಕೇಳೋಣವೆಂದು ಒಳಗೆ ಹೋದರೆ ಇಪ್ಪತ್ತೆಂಟು ಮಕ್ಕಳಲ್ಲಿ ಇಪ್ಪತ್ತೇಳು ಚಾಪೆಯ ಮೇಲೆ ಸಾಲಾಗಿ ಕೂತು ಹಾಲು ಕುಡಿಯುತ್ತಿವೆ!

“ಇವರೆಲ್ಲ ಯಾವಾಗ ಬಂದರು?”

ಆಯಾ ಸೂರು ನೋಡುತ್ತಾ, “ಆಗ್ಲೇ ಬಂದವ್ರೆ,” ಎಂದಳು.

“ಎಲ್ಲಿಂದ?”

“ಹಿತ್ಲಿಂದ.”

ಹಿತ್ತಲಿಗೆ ಹೋಗಿ ನೋಡಿದೆ. ಪಾತ್ರೆ ತೊಳೆಯುವ ಜಾಗದ ಹಿಂದೆ ಕಾಂಪೌಂಡು ಗೋಡೆ ಒಂದಿಷ್ಟು ಕುಸಿದಿದೆ. ಹೊರಗಡೆಯಿಂದ ತಾಯಂದಿರು ಮಕ್ಕಳನ್ನು ಎತ್ತಿ ಕೊಡುವುದು, ಒಳಗಡೆಯಿಂದ ಎರಡನೆಯ ಆಯಾ ತೆಗೆದುಕೊಳ್ಳುವುದು, ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ದಾಟಿಸುವ ಹಾಗೆ ನಡೆದಿತ್ತಂತೆ. ತಡವಾಗಿ ಬಂದ ತಾಯಿಯೊಬ್ಬಳು ಮಗುವನ್ನು ಗೋಡೆಯ ಮೇಲೆ ಕೂರಿಸುತ್ತಿದ್ದವಳು ನನ್ನನ್ನು ನೋಡಿ ಹಾಗೆಯೇ ನಿಂತಳು.

“ಗೇಟು ಯಾಕಿದೆ?” ಎಂದು ಕೇಳಿದೆ.

“ಆ ಬೋರ್ಡಿನ ಕೆಳ್ಗೆ ಹೆಂಗ್ ಬರೋದು ಮೇಡಮ್ನೋರೆ? ಎದುರಂಗಡಿಯವ್ನು ನೋಡ್ತಾನೆ. ನಾವು ಬಡವ್ರು ಅಂತ ಗೊತ್ತಾಗ್ಬುಡ್ತದೆ.”

“ಹತ್ತು ವರ್ಷದಿಂದ ಅವನ ಅಂಗಡಿಯಲ್ಲೇ ಸಾಮಾನು ತರುತ್ತೀಯ. ಅವನಿಗೆ ಗೊತ್ತಿಲ್ಲವೇ?”

“ಗೊತ್ತು,” ಎಂದಳು. “ಆದ್ರೆ ಬರೆದಿರ್ಲಿಲ್ಲ.”

ವರಮಾನವಿಲ್ಲದ ಯಜಮಾನರು

ಆ ವಾರ ಬೋರ್ಡಿನ ಕೆಳಗಿನಿಂದ ತಲೆಯೆತ್ತಿ ನಡೆದು ಬಂದವರು ಒಬ್ಬರೇ. ಗರಿಗರಿಯಾದ ಬಿಳಿ ಷರಟು, ಬಂಗಾರದ ಕಟ್ಟಿನ ಕನ್ನಡಕ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮೊಮ್ಮಗಳು. ಕಾಲೋನಿಯವರೆಲ್ಲ ಯಜಮಾನರು ಎಂದು ಎದ್ದು ನಿಲ್ಲುವ ಮನುಷ್ಯ. ಸೂಳಗಿರಿಯ ಕಡೆಯ ಜಮೀನನ್ನು ಫ್ಯಾಕ್ಟರಿಗೆ ಮಾರಿ ಇಲ್ಲಿ ಸಾಲು ಮನೆ ಕಟ್ಟಿಸಿದವರು. ದೇಣಿಗೆ ಕೊಡಲು ಬಂದಿದ್ದಾರೆಂದು ನಾನೇ ಎದ್ದು ಕುರ್ಚಿ ಎಳೆದು ಕೂರಿಸಿದೆ.

“ಮೊಮ್ಮಗ್ಳನ್ನ ಸೇರಿಸ್ಕೊಳ್ಳಮ್ಮ,” ಎಂದರು.

“ಇದು ಕಡಿಮೆ ವರಮಾನದವರಿಗೆ, ಯಜಮಾನರೇ.”

“ಅದಕ್ಕೇ ಬಂದಿದ್ದು. ನಂಗೆ ಕಡಿಮೆ ಏನು, ವರಮಾನನೇ ಇಲ್ಲ.”

“ಮತ್ತೆ ಆ ಹದಿನಾಲ್ಕು ಮನೆ?”

“ಅದು ಬಾಡಿಗೆ ಕಣಮ್ಮ. ವರಮಾನ ಅಂದ್ರೆ ಮೈ ಬಗ್ಗಿಸಿ ದುಡಿದು ತರೋದು. ನಾನು ಕೆಲ್ಸ ಅಂತ ಮಾಡಿ ಎಷ್ಟೋ ಕಾಲ ಆಯ್ತು. ಬೇಕಾದ್ರೆ ಯಾರ್ನಾದ್ರೂ ಕೇಳು.”

ಇಂಥ ಮಾತನ್ನು ಮುಖದ ಒಂದು ಗೆರೆಯೂ ಅಲುಗದೆ ಹೇಳುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕರವಸ್ತ್ರ ಹುಡುಕಿದೆ. ಆಮೇಲೆ ಸಾಧ್ಯವಾದಷ್ಟು ಮೆತ್ತಗೆ ಹೇಳಿದೆ: “ಇಲ್ಲಿ ಕೂತಿರುವ ಮಕ್ಕಳಲ್ಲಿ ಅರ್ಧದಷ್ಟು ನಿಮ್ಮ ಮನೆಗಳಲ್ಲೇ ಬಾಡಿಗೆಗೆ ಇರುವವರ ಮಕ್ಕಳು. ಅವರ ಮೊಟ್ಟೆಗೆ ನೀವು ಬರುವುದು ಚೆನ್ನಾಗಿರುತ್ತದೆಯೇ?”

ಯಜಮಾನರು ಕೋಲು ನೆಲಕ್ಕೆ ಕುಟ್ಟಿ ಎದ್ದರು.

“ನಾನು ಕೇಳ್ತಿರೋದೂ ಅದನ್ನೇ ಕಣಮ್ಮ! ಬಾಡಿಗೆಯೋರ ಮಕ್ಳಿಗೆ ಮೊಟ್ಟೆ, ಓನರ್ ಮೊಮ್ಮಗ್ಳಿಗೆ ಇಲ್ಲ. ಇದ್ಯಾವ ನ್ಯಾಯ?”

ಹೆಬ್ಬೆಟ್ಟು

ಫೋಟೊಗಳನ್ನು ಮೋರಿಯ ಮುಂದೆಯೇ ನಿಲ್ಲಿಸಿ ಮತ್ತೆ ತೆಗೆಸಿ, ಅರ್ಜಿ ಕಳಿಸಿದ ಮೇಲೆ ಕಚೇರಿಯ ಗುಮಾಸ್ತರು ಫೋನು ಮಾಡಿದರು. ಅವರದು ತಮಿಳು, ಸೌಮ್ಯವಾದ ದನಿ.

“ಎಲ್ಲ ಸರಿಯಾಗಿದೆ ಅಮ್ಮಾ. ಫಲಾನುಭವಿಗಳ ಸಹಿ ಒಂದು ಬಿಟ್ಟುಹೋಗಿದೆ.”

“ಫಲಾನುಭವಿಗಳಿಗೆ ಎರಡು ವರ್ಷ, ಮೂರು ವರ್ಷ, ಸಾರ್.”

“ಎಷ್ಟಾದರೂ ಇರಲಿ. ಹಾಲು ಕುಡಿಯುವವರು ಯಾರೋ ಅವರೇ ಸಹಿ ಮಾಡಬೇಕು.”

“ಲೋಟ ಹಿಡಿಯಲಿಕ್ಕೇ ಬರುವುದಿಲ್ಲ, ಪೆನ್ನು ಹೇಗೆ ಹಿಡಿದಾರು?”

“ಹಾಗಾದರೆ ಹೆಬ್ಬೆಟ್ಟು ಸಾಕು,” ಎಂದರು.

ಇಪ್ಪತ್ತೆಂಟು ಮಕ್ಕಳ ಹೆಬ್ಬೆಟ್ಟು ತೆಗೆಸುವುದು ಏನೆಂದು ತೆಗೆಸಿದವರಿಗೇ ಗೊತ್ತು. ಒಬ್ಬ ಆಯಾ ಹಿಡಿಯುವುದು, ಇನ್ನೊಬ್ಬಳು ಬೆರಳು ಬಿಡಿಸುವುದು, ನಾನು ಒತ್ತಿಸುವುದು. ಮೂರನೆಯ ಮಗು ಇಂಕನ್ನು ನೆಕ್ಕಿತು. ಐದನೆಯದು ಕಾಗದ ಬಿಟ್ಟು ಗೋಡೆಗೆ ಐದೂ ಬೆರಳು ಒತ್ತಿತು. ಅದನ್ನು ನೋಡಿ ಉಳಿದವೆಲ್ಲ ಗೋಡೆಗೇ ಹೋದವು. ಅಷ್ಟೂ ವರ್ಷ ಒಂದು ಕಲೆಯಿಲ್ಲದೆ ಉಟ್ಟ ನನ್ನ ಬಿಳಿ ಸೀರೆಯ ನೆರಿಗೆ ಹಿಡಿದು ಯಾರು ಯಾರು ನಿಂತಿದ್ದರೆಂದು ಸಂಜೆ ಇಂಕಿನ ಗುರುತು ನೋಡಿ ಹೇಳಬಹುದಿತ್ತು.

ಕಾಗದ ಕಳಿಸಿದೆ. ಮತ್ತೆ ಫೋನು ಬಂತು.

“ಹೆಬ್ಬೆಟ್ಟು ಒತ್ತಿದವರಿಗೆ ಓದು ಬರಹ ಬರುವುದಿಲ್ಲ ಎಂದು ತಾವು ದೃಢೀಕರಿಸಿ ಒಂದು ಪತ್ರ ಕೊಡಬೇಕು, ಅಮ್ಮಾ.”

ಕೊಟ್ಟೆ. ಅದೂ ಕಾನ್ವೆಂಟಿನಲ್ಲಿ ಬಹುಮಾನ ಬಂದ ನನ್ನ ದುಂಡು ಅಕ್ಷರದಲ್ಲಿ, ಒಬ್ಬೊಬ್ಬರ ಹೆಸರೂ ಬರೆದು.

ವಿಷಯ ಕಾಲೋನಿಗೆ ಹೇಗೆ ಮುಟ್ಟಿತೋ ಕಾಣೆ. ಮಾರನೆಯ ದಿನ ಫ್ಯಾಕ್ಟರಿಯ ನೀಲಿ ಯೂನಿಫಾರ್ಮಿನಲ್ಲಿ ಒಬ್ಬ ತಂದೆ, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ದುಮುಗುಡುತ್ತಾ ಬಂದ.

“ಏನ್ ಮೇಡಂ, ನನ್ ಮಗನ್ಗೆ ಓದು ಬರಲ್ಲ ಅಂತ ಸರ್ಕಾರಕ್ಕೆ ಬರೆದ್ಬುಟ್ರಂತೆ?”

“ಅವನಿಗೆ ಎರಡೂವರೆ ವರ್ಷ ಕಣಪ್ಪಾ!”

“ಆದ್ರೇನು? ಲೋ, ಹೇಳ್ಲಾ ಮೇಡಮ್ಗೆ ಎ ಬಿ ಸಿ ಡಿ. ಹೇಳ್ಲಾ!”

ಹುಡುಗ ನನ್ನನ್ನು ನೋಡಿದ, ಅಡುಗೆಮನೆಯ ಬಾಗಿಲು ನೋಡಿದ, ಗಂಭೀರವಾಗಿ, “ಎಗ್ಗು,” ಎಂದ.

ತಂದೆಯ ಮುಖ ಅರಳಿಹೋಯಿತು. “ನೋಡುದ್ರಾ? ಎ, ಬಿ, ಸಿ, ಡಿ ನಾಲ್ಕೂ ದಾಟ್ಕೊಂಡು ನೇರವಾಗಿ ಇ ಗೆ ಹೋಗ್ಬುಟ್ಟ!”

ಆಫೀಸರು ಮನೆ ನೋಡಲು ಬಂದದ್ದು

ಕೊನೆಯದು ಮನೆ ಪರಿಶೀಲನೆ. ಕೃಷ್ಣಗಿರಿಯಿಂದ ಆಫೀಸರೇ ಬಂದು ತಮಗೆ ತೋಚಿದ ಐದು ಮನೆಗಳನ್ನು ನೋಡುತ್ತಾರೆ, ಅವರು ಬರೆದದ್ದೇ ತೀರ್ಪು ಎಂದು ತಿಳಿಯಿತು. ಭಾನುವಾರ ತಾಯಂದಿರನ್ನು ಸೇರಿಸಿ ಕಟ್ಟುನಿಟ್ಟಾಗಿ ಹೇಳಿದೆ. ಮನೆ ಗುಡಿಸಿರಬೇಕು. ಮಕ್ಕಳ ಮೂಗು ಒರೆಸಿರಬೇಕು. ಮೂರು ಜನ ಒಟ್ಟಿಗೆ ಮಾತಾಡಬಾರದು. ಬಂದವರನ್ನು ನಿಲ್ಲಿಸಿಕೊಂಡು ಮಾತಾಡಿಸುವುದು ಮರ್ಯಾದೆಯಲ್ಲ. ಎಲ್ಲರೂ ತಲೆಯಾಡಿಸಿದರು. ಗುಲಾಬಿ ಕೊಯ್ಯುವ ತಾಯಿ ಮಾತ್ರ ಹೋಗುವಾಗ ಹತ್ತಿರ ಬಂದು, “ನನ್ ದೊಡ್ಡವ್ಳ ಇಸ್ಕೂಲು ನಿಮ್ ಕೈಯಾಗೈತೆ ಮೇಡಮ್ನೋರೆ,” ಎಂದಳು. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಆಫೀಸರು ಬಸ್ಸಿನಲ್ಲೇ ಬಂದರು. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಚೀಲ, ನಗುವ ಅಭ್ಯಾಸವಿಲ್ಲ. ಸೂರು ಯಾವುದರದು, ನೆಲ ಯಾವುದರದು, ಪೀಠೋಪಕರಣ ಏನೇನಿದೆ ಎಂದು ಮನೆಗೊಂದು ಫಾರಂ ತಂದಿದ್ದರು. ಪಟ್ಟಿ ನೋಡಿ ಮೊದಲು ತೋರಿಸಿದ್ದೇ ಗುಲಾಬಿ ತಾಯಿಯ ಮನೆ. ನನಗೆ ಧೈರ್ಯ ಬಂತು. ಆ ಮನೆಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಒಂದೇ ಕೋಣೆ, ಸಿಮೆಂಟು ಶೀಟಿನ ಸೂರು, ಒಂದು ಚಾಪೆ, ಒಂದು ಒಲೆ. ಇದಕ್ಕಿಂತ ಒಳ್ಳೆಯ ರುಜುವಾತು ಬೇಕೇ?

ಬಾಗಿಲಲ್ಲೇ ನನ್ನ ಕಾಲು ನಿಂತುಬಿಟ್ಟಿತು. ಕೋಣೆಯ ನಡುವೆ ಒಂದು ಸಿಂಹಾಸನ! ಕೆಂಪು ಮಖಮಲ್ಲು, ನನ್ನ ತಲೆಗಿಂತ ಎತ್ತರದ ಬೆನ್ನು, ಎರಡೂ ಕೈಗಳ ತುದಿಯಲ್ಲಿ ಬಂಗಾರ ಬಣ್ಣದ ಸಿಂಹದ ತಲೆ. ಮದುವೆ ರಿಸೆಪ್ಷನ್ನಿನಲ್ಲಿ ಗಂಡನ್ನು ಕೂರಿಸುತ್ತಾರಲ್ಲ, ಅಂಥದು. ಅದು ಬಿಟ್ಟರೆ ಕೋಣೆಯಲ್ಲಿ ನಾವು ಮೂವರು ನಿಲ್ಲುವಷ್ಟೇ ಜಾಗ ಉಳಿದಿತ್ತು.

“ಕೂತ್ಕಳಿ ಸಾರ್,” ಎಂದಳು ತಾಯಿ.

ಆಫೀಸರು ಕೂತರು. ಅವರ ಮೊಣಕಾಲು ಒಲೆಗೆ ತಗುಲಿತು. ಎಡಗೈ ಸಿಂಹವನ್ನೊಮ್ಮೆ ನೋಡಿದರು, ಫಾರಂ ತೆಗೆದು ಏನನ್ನೋ ಬರೆದರು.

“ಏನಮ್ಮಾ ಇದು?” ನಾನು ಪಿಸುಗುಟ್ಟಿದೆ.

“ಕುರ್ಚಿ ಮೇಡಮ್ನೋರೆ.”

ಆಫೀಸರು ಹೊರಗೆ ಬಂದು, “ಒಂಬತ್ತನೇ ನಂಬರ್,” ಎಂದರು. ಮೂಲೆ ತಿರುಗುವಷ್ಟರಲ್ಲಿ ಒಬ್ಬ ಅಜ್ಜಿ ಅಡ್ಡ ಬಂದು ಅವರ ಕೈ ಹಿಡಿದಳು. “ಸಾಮಿ, ಪೆನ್ಷನ್ನಿಗೆ ಮನು ಕೊಟ್ಟು ಎಲ್ಡು ವರ್ಸ ಆಯ್ತು.” ಅರ್ಜಿಗೆ ನಮ್ಮ ಕಡೆ ತಮಿಳಿನಂತೆ ಮನು ಎಂದೇ ಅನ್ನುತ್ತಾರೆ. ಅಜ್ಜಿ ಮನುವಿನ ಕಥೆ ಹೇಳುವಾಗ ಹಿಂದಿನ ಸಂದಿಯಲ್ಲಿ ಯಾರೋ ಓಡಿದ ಸದ್ದು, “ಎತ್ಲಾ, ಎತ್ಲಾ” ಎಂಬ ಮಾತು ಕೇಳಿಸಿತು. ಹಸು ಮೋರಿಗೆ ಬಿದ್ದಿರಬೇಕು ಎಂದುಕೊಂಡೆ.

ಒಂಬತ್ತನೇ ನಂಬರಿನಲ್ಲೂ ಸಿಂಹಾಸನ!

ನನ್ನ ಕಣ್ಣೆದುರೇ ಬೀದಿಗೆ ಬೀದಿಯೇ ಹೀಗೆ ದರ್ಬಾರು ನಡೆಸುತ್ತಿತ್ತೇ? ಆಫೀಸರು ಕೂತರು, ಬರೆದರು, ಎದ್ದರು. ಮತ್ತೆ ಮೂಲೆಯಲ್ಲಿ ಅಜ್ಜಿ. ಈ ಸಲ ತೀರಿಹೋದ ಗಂಡನ ಮನು. ಮೂರನೆಯ ಮನೆಯಲ್ಲಿ ಮತ್ತೆ ಅದೇ ಕೆಂಪು ಮಖಮಲ್ಲು. ಆಗ ನಾನು ಎಡಗಡೆಯ ಸಿಂಹವನ್ನು ಸರಿಯಾಗಿ ನೋಡಿದೆ. ಅದಕ್ಕೆ ಮೂಗಿರಲಿಲ್ಲ. ಹಿಂದಿನ ಎರಡು ಮನೆಗಳ ಎಡಗಡೆಯ ಸಿಂಹಕ್ಕೂ ಮೂಗಿರಲಿಲ್ಲ. ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡೆ.

ಹೇಳಿಬಿಡೋಣವೆಂದರೆ ಸರ್ಕಾರಕ್ಕೆ ಮೋಸ ಮಾಡಿದರೆಂದು ಬರೆದಾರು. ಸುಮ್ಮನಿರೋಣವೆಂದರೆ ಮನೆಗೊಂದು ಸಿಂಹಾಸನವಿದೆ ಎಂದು ಬರೆದಾರು. ಹೇಗೆ ನೋಡಿದರೂ ಆ ಹುಡುಗಿಯ ಸ್ಕೂಲು ಹೋಯಿತು. ಯೋಚಿಸುತ್ತಲೇ ನಾಲ್ಕನೆಯ ಮನೆಯೂ ಮುಗಿಯಿತು. ಅಜ್ಜಿಗೆ ಅಷ್ಟರಲ್ಲಿ ಕೇಳಲು ಮನುಗಳೇ ಉಳಿದಿರಲಿಲ್ಲ. ಆಫೀಸರಿಗೆ ಮಕ್ಕಳೆಷ್ಟು, ಹೆಣ್ಣೆಷ್ಟು, ಗಂಡೆಷ್ಟು ಎಂದು ವಿಚಾರಿಸತೊಡಗಿದಳು. “ಎರಡು,” ಎಂದು ಒಂದೇ ಮಾತಿನಲ್ಲಿ ಮುಗಿಸಿ ಅವರು ಬಿರಬಿರನೆ ನಡೆದರು.

ತಿರುವಿನಲ್ಲಿ ಸಿಂಹಾಸನ ಎದುರಿಗೇ ಸಿಕ್ಕಿತು. ಇಬ್ಬರು ಗಂಡಸರ ತಲೆಯ ಮೇಲೆ, ಗೋಡೆಗೂ ನಿಂತ ಆಟೋಗೂ ನಡುವೆ ಸಿಕ್ಕಿಹಾಕಿಕೊಂಡಿತ್ತು. ಅವರ ಬೆನ್ನು ನಮ್ಮ ಕಡೆಗಿತ್ತು.

“ಓರೆ ಮಾಡ್ಲಾ!”

“ಆಗಲ್ಲ ಕಣ್ಲಾ, ಸಿಂಹ ತಗುಲ್ಕಂಡೈತೆ!”

“ಬೇಗ ಎಳಿಲಾ, ಆಫೀಸ್ರು ಬಂದ್ಬುಟ್ಟಾರು!”

“ಬಂದಿದ್ದೇನೆ,” ಎಂದರು ಆಫೀಸರು.

ನಾನು ಜೀವಮಾನದಲ್ಲಿ ಅಷ್ಟು ನಾಚಿಕೆಪಟ್ಟಿಲ್ಲ. ಗುಲಾಬಿ ತಾಯಿ ಹಿಂದಿನಿಂದ ಓಡಿಬಂದು ಕೈಮುಗಿದಳು.

“ತಪ್ಪು ನಂದು ಸಾರ್. ನಮ್ ಮೈದುನ ಶಾಮಿಯಾನ ಅಂಗ್ಡಿಲಿ ಸಾಮಾನು ಹೊರ್ತಾನೆ, ಅವ್ನ ಕೈಲಿ ನಾನೇ ತರಿಸ್ದೆ. ಬಂದೋರ್ನ ನಿಲ್ಸಬಾರ್ದು ಅಂತ ಮೇಡಮ್ನೋರು ಹೇಳಿದ್ರು. ನಮ್ಮನೇಲಿ ಕೂರಿಸೋಕೆ ಏನೈತೆ ಸಾರ್? ಯಾರ್ ಮನೇಲೂ ಇಲ್ಲ. ಕೇಂದ್ರ ಮುಚ್ಬೇಡಿ. ನನ್ ಮಗ್ಳು ಇಸ್ಕೂಲ್ಗೆ ಹೋಗ್ಬೇಕು.”

ಹೀಗಾಗಿ ಎಲ್ಲಕ್ಕೂ ಕಾರಣ ನಾನೇ ಎಂದಾಯಿತು. ಆಫೀಸರು ಕುರ್ಚಿಯನ್ನು ಕೆಳಗಿಳಿಸುವಂತೆ ಕೈಸನ್ನೆ ಮಾಡಿ, ಬೀದಿಯ ನಡುವೆಯೇ ಅದರ ಮೇಲೆ ಕೂತು, ನೋಡದೆ ಉಳಿದ ಐದನೆಯ ಮನೆಯದೂ ಸೇರಿ ಐದು ಫಾರಂಗಳಿಗೂ ಸಹಿ ಹಾಕಿದರು.

“ಮಗಳನ್ನು ಸ್ಕೂಲಿಗೆ ಕಳಿಸಮ್ಮ. ಅನುದಾನ ಮುಂದುವರಿಸಬೇಕೆಂದು ಬರೆದಿದ್ದೇನೆ,” ಎಂದು ತಮಿಳಿನಲ್ಲಿ ಹೇಳಿದರು.

ಬಸ್ ಸ್ಟಾಪಿನವರೆಗೆ ಅವರನ್ನು ಕಳಿಸಲು ಹೋದಾಗ ನನಗೆ ತಡೆಯಲಾಗಲಿಲ್ಲ.

“ಎಲ್ಲ ಮನೆಗೂ ಅದೊಂದೇ ಕುರ್ಚಿ ಎಂದು ತಮಗೆ ಯಾವಾಗ ಗೊತ್ತಾಯಿತು, ಸಾರ್?”

“ಎರಡನೇ ಮನೆಯಲ್ಲೇ. ಕೂತರೆ ಬೆಚ್ಚಗಿತ್ತು.”

“ಆಗಲೇ ಹೇಳಬಹುದಿತ್ತಲ್ಲ?”

ಆಫೀಸರು ಮೊದಲ ಬಾರಿಗೆ ನಕ್ಕರು.

“ಹೇಳಿದ್ದರೆ ಹೊರುವುದನ್ನು ನಿಲ್ಲಿಸಿಬಿಡುತ್ತಿದ್ದರು, ಮೇಡಂ. ಆಮೇಲೆ ನಾನು ಎಲ್ಲಿ ಕೂತು ಬರೆಯಬೇಕಿತ್ತು?”